ಸೊಲ್ಲು ಎತ್ತುವ ಗಾದ್ರಮ್ಮ

ಗಾದ್ರಮ್ಮನಿಗೆ ಹಾಡು ಬರುತ್ತದೆ ಎಂದು ನಮ್ಮ ಮನೆಯವರಿಗೆ ಗೊತ್ತಾದದ್ದು ಒಂದು ಜಗಳದಲ್ಲಿ. ಜಗಳ ತೆಗೆದದ್ದು ನಮ್ಮ ಅಜ್ಜಿ ಸರ್ವಮಂಗಳಮ್ಮ. ಅಜ್ಜ ತೀರಿಕೊಂಡ ಮೇಲೆ ಬಸವಾಪಟ್ಟಣದ ಆ ಮನೆಯನ್ನೂ ಅಡಿಕೆ ವ್ಯಾಪಾರವನ್ನೂ ಅಂಗೈಯಲ್ಲಿ ಹಿಡಿದುಕೊಂಡಿದ್ದ ಹೆಂಗಸು ಅವಳು. ನಮ್ಮ ಅಪ್ಪಾಜಿ ಹೆಸರಿಗೆ ಯಜಮಾನರು. ಅವರೂ ಅಂಗಡಿಗೆ ಹೋಗುವ ಮುಂಚೆ ಅಜ್ಜಿಯ ಮುಖ ನೋಡಿಯೇ ಚಪ್ಪಲಿ ಮೆಟ್ಟುತ್ತಿದ್ದರು.

ಎಪ್ಪತ್ತೊಂದನೇ ಇಸವಿಯ ಸುಗ್ಗಿ. ನಾನಾಗ ಮಿಡ್ಲ್ ಸ್ಕೂಲು. ಪ್ರತಿ ವರ್ಷದಂತೆ ಜಗಳೂರು ಸೀಮೆಯಿಂದ ಅಡಿಕೆ ಸುಲಿಯುವ ಹೆಂಗಸರು ಬಂದು ನಮ್ಮ ಹಿತ್ತಲ ತಗಡಿನ ಶೆಡ್ಡಿನಲ್ಲಿ ಸಾಲಾಗಿ ಕೂತಿದ್ದರು. ಮಣೆಗೆ ಬಡಿದ ಕತ್ತಿಯನ್ನು ಕಾಲಿನಲ್ಲಿ ಒತ್ತಿಹಿಡಿದು, ಹಸಿ ಅಡಿಕೆಯನ್ನು ಅದರ ಮೊನೆಗೆ ಕೊಟ್ಟು ಸಿಪ್ಪೆ ಸೀಳುವ ಕೆಲಸ. ಆ ವರ್ಷ ಸೊಕ್ಕೆ ಎಂಬ ಊರಿನಿಂದ ಹೊಸದಾಗಿ ಬಂದಿದ್ದ ಒಬ್ಬ ಉದ್ದನೆಯ, ಒಣಕಲು ಹೆಂಗಸು ಹಾಡುತ್ತ ಸುಲಿಯುತ್ತಿದ್ದಳು. ಉಳಿದವರು ಅವಳ ಹಿಂದೆ ಹೇಳುತ್ತಿದ್ದರು. ಅಜ್ಜಿಗೆ ಇದು ಸರಿಬರಲಿಲ್ಲ.

"ಬಾಯಿಗೆ ಕೆಲ್ಸ ಕೊಟ್ರೆ ಕೈ ನಿಲ್ತಾವೆ. ಹಾಡು ಗೀಡು ಬ್ಯಾಡ, ಸುಮ್ನೆ ಸುಲೀರಿ" ಅಂದಳು.

ಆ ಹೆಂಗಸು ಕತ್ತಿಯಿಂದ ಕಣ್ಣೆತ್ತಲಿಲ್ಲ. "ಆಗ್ಲಿ ಬಿಡ್ರಿ ಅಮ್ಮಾರೆ, ಸುಮ್ನೆ ಸುಲೀತೀವಿ. ಸಂಜಿಗೆ ರಾಶಿ ನೋಡಿ ನೀವೇ ಹೇಳ್ರಿ."

ಹಾಡು ನಿಂತಿತು, ಮಾತು ಶುರುವಾಯಿತು. ಒಬ್ಬಳ ಅತ್ತೆಯ ವಿಷಯ ಬಂತು, ಇನ್ನೊಬ್ಬಳ ಸೊಸೆಯ ವಿಷಯ ಬಂತು. ಅತ್ತೆ ಹೇಗೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾಳೆ ಎಂದು ತೋರಿಸಬೇಕಾದರೆ ಅಡಿಕೆ ಕೆಳಗಿಡಲೇಬೇಕಲ್ಲ. ಮಧ್ಯಾಹ್ನ ಊಟವಾದ ಮೇಲೆ ತೂಕಡಿಕೆ ಬೇರೆ. ಸಂಜೆಗೆ ರಾಶಿ ದಿನದ ಅರ್ಧಕ್ಕೂ ಬಂದಿರಲಿಲ್ಲ. ಅಜ್ಜಿ ರಾಶಿ ನೋಡಿದಳು, ಆ ಹೆಂಗಸನ್ನು ನೋಡಿದಳು, ಒಳಗೆ ಹೋದಳು. ಮರುದಿನ ಬೆಳಿಗ್ಗೆ ಶೆಡ್ಡಿನ ಬಾಗಿಲಲ್ಲಿ ನಿಂತು, "ಏನವ್ವ, ಗಂಟಲು ಕಟ್ಟೈತೇನು?" ಎಂದಳು. ನಾನು ಸೋತೆ ಎಂದು ಅಜ್ಜಿ ತನ್ನ ಜೀವಮಾನದಲ್ಲಿ ಹೇಳಿದ್ದರೆ ಅದೊಂದೇ ಸಲ.

ಆ ಹೆಂಗಸೇ ಗಾದ್ರಮ್ಮ.

ಅವಳ ದನಿ ಇಂಪಾಗಿತ್ತು ಎಂದು ನಾನು ಸುಳ್ಳು ಹೇಳುವುದಿಲ್ಲ. ಇಂಪಿನ ದನಿಗಳು ನಮ್ಮ ಶಾಲೆಯ ಪ್ರಾರ್ಥನೆಗೆ ಬೇಕಾದಷ್ಟಿದ್ದವು. ಇವಳದು ತುಸು ಒರಟು, ಎದೆಯೊಳಗಿಂದ ಎದ್ದು ಬರುವ ದನಿ. ಸುಖದ ಹಾಡು ಹೇಳುವಾಗಲೂ ಅದರಲ್ಲಿ ಒಂದು ಎಳೆ ದುಃಖ ಇರುತ್ತಿತ್ತು, ದುಃಖದ ಹಾಡಿನಲ್ಲಿ ಒಂದು ಎಳೆ ಹಟ. ಕೇಳುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯದು. ಆ ಸುಗ್ಗಿಯಲ್ಲಿ ತಡವಾಗಿ ಶಾಲೆಗೆ ಹೋಗಿ ನಾನು ತಿಂದ ಏಟಿಗೆಲ್ಲ ಅವಳೇ ಹೊಣೆ.

ಅವಳ ಹಿಂದೆ ಹೇಳುತ್ತಿದ್ದವರಲ್ಲಿ ಮೂವರು ಅವಳ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. ಲಕ್ಷ್ಮಕ್ಕ ಗಿಡ್ಡಗೆ, ದುಂಡಗೆ, ಬಾಯಿ ಜೋರು. ತಿಪ್ಪಮ್ಮನಿಗೆ ಯಾವುದಕ್ಕೂ ನಗು, ಬೈದರೂ ನಗುತ್ತಿದ್ದಳು. ಕೊಲ್ಲಾಪುರಮ್ಮ ಹಾಡುವುದಕ್ಕೆ ಬಿಟ್ಟರೆ ಬೇರೆ ಯಾವ ಕಾರಣಕ್ಕೂ ಬಾಯಿ ತೆರೆದದ್ದನ್ನು ನಾನು ಕಂಡಿಲ್ಲ. ಸುಗ್ಗಿ ಮುಗಿದ ಮೇಲೆ ಉಳಿದ ಹೆಂಗಸರೆಲ್ಲ ಊರಿಗೆ ಹೋದರು, ಈ ನಾಲ್ವರು ಹೋಗಲಿಲ್ಲ. ಗಾದ್ರಮ್ಮನ ಗಂಡ ಓಬಳಪ್ಪನಿಗೆ ಹತ್ತಿರದ ನಲ್ಲೂರಿನ ಒಂದು ಅಡಿಕೆ ಗೋಡೌನಿನಲ್ಲಿ ಮೂಟೆ ಹೊರುವ ಕೆಲಸ ಸಿಕ್ಕಿತ್ತು. ಅವನ ಹಿಂದೆ ಮಿಕ್ಕ ಮೂವರ ಗಂಡಂದಿರೂ ಬಂದರು. ನಲ್ಲೂರಿನ ಅಂಚಿನಲ್ಲಿ ನಾಲ್ಕು ಮನೆ ಎದ್ದವು. ಗೋಡೆಗೆ ಗೋಡೆ ಅಂಟಿಸಿಯೇ ಕಟ್ಟಿಕೊಂಡಿದ್ದರು.

ಮದುವೆ ಮನೆಗಳಿಗೆ ಅವರನ್ನು ಮೊದಲು ಕಳಿಸಿದ್ದು ನಮ್ಮಜ್ಜಿಯೇ. ನೆಂಟರ ಮನೆಯ ಮದುವೆಯಲ್ಲಿ ಸೋಬಾನೆ ಹೇಳುವವರಿಲ್ಲ ಎಂದಾಗ, "ನಮ್ಮ ಶೆಡ್ಡಿನಾಗೆ ನಾಕು ಜನ ಅದಾರೆ" ಎಂದಳು. ಅಲ್ಲಿ ಹಾಡಿದ್ದನ್ನು ಕೇಳಿದವರು ತಮ್ಮ ಮನೆಗೆ ಕರೆದರು. ಅಲ್ಲಿಂದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ. ಎಪ್ಪತ್ತೈದರ ಹೊತ್ತಿಗೆ ಅವರು ಸಿಗುವ ದಿನ ನೋಡಿಕೊಂಡು ಲಗ್ನ ಇಟ್ಟವರೂ ಇದ್ದಾರೆ. ಇದನ್ನು ಯಾರೂ ಒಪ್ಪಿಕೊಳ್ಳುವುದಿಲ್ಲ, ಪಂಚಾಂಗದ ಮೇಲೆ ಹಾಕುತ್ತಾರೆ.

ಸೋಬಾನೆ ಹೇಳುವ ಕ್ರಮವನ್ನು ಇಲ್ಲಿ ಒಂದಿಷ್ಟು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಒಬ್ಬಳು ಸೊಲ್ಲು ಎತ್ತುತ್ತಾಳೆ, ಅಂದರೆ ಸಾಲನ್ನು ಪೂರ್ತಿ ಹಾಡುತ್ತಾಳೆ. ಆ ಸಾಲಿನ ಕೊನೆಯ ಅರ್ಧವನ್ನು ಉಳಿದವರು ಹಿಡಿದು ಮತ್ತೆ ಹೇಳುತ್ತಾರೆ. ಅವರು ಹೇಳುವಷ್ಟರಲ್ಲಿ ಎತ್ತುವವಳು ಉಸಿರು ತೆಗೆದುಕೊಂಡು ಮುಂದಿನ ಸಾಲಿಗೆ ಸಿದ್ಧಳಾಗುತ್ತಾಳೆ. ಈ ನಾಲ್ವರಲ್ಲಿ ಎತ್ತುವವಳು ಯಾವಾಗಲೂ ಗಾದ್ರಮ್ಮ, ಹಿಡಿಯುವವರು ಯಾವಾಗಲೂ ಆ ಮೂವರು. ಬದಲಾಯಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಮದುವೆಗೆ ಹೊರಡುವ ಮುಂಚೆ ನಾಲ್ವರೂ ಕೂತು ಹುಣಸೆಹಣ್ಣು, ನಿಂಬೆಸಿಪ್ಪೆ ಹಾಕಿ ಕೈ ಉಜ್ಜಿಕೊಳ್ಳುತ್ತಿದ್ದರು. ಹಸಿ ಅಡಿಕೆಯ ಕಪ್ಪು ಬೆರಳಿಗೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ಎಷ್ಟು ಉಜ್ಜಿದರೂ ಉಗುರಿನ ಸುತ್ತ ಉಳಿದೇ ಇರುತ್ತಿತ್ತು. ಓಬಳಪ್ಪ ಒಗೆದ ಅಂಗಿ ತೊಟ್ಟು, ತಲೆಗೆ ಟವಲ್ ಸುತ್ತಿ ಬಸ್ಸಿಗೆ ಅವರ ಜೊತೆ ಹತ್ತುತ್ತಿದ್ದ. ಅವನಿಗೆ ಅಲ್ಲಿ ಕೆಲಸವೇನೂ ಇಲ್ಲ. ಚಪ್ಪರದ ಹೊರಗೆ ಬೀಡಿ ಹಚ್ಚಿ ಕೂತು, ಹೋಗುವವರಿಗೆ ಬರುವವರಿಗೆ "ಒಳಗೆ ಹಾಡ್ತಾ ಇರೋದು ನಮ್ಮಾಕೆ" ಎಂದು ಹೇಳುವುದೇ ಕೆಲಸ. ಒಂದು ಸಲ ಮದುವೆ ಗಂಡನನ್ನೇ ತಡೆದು ನಿಲ್ಲಿಸಿ ಹೇಳಿದ್ದನಂತೆ.

ಎಪ್ಪತ್ತಾರರಲ್ಲಿ ರೇಡಿಯೋದವರು ಬಂದು ಹಾಡು ಹಿಡಿದುಕೊಂಡು ಹೋದರು. ಪ್ರಸಾರವಾಗುವ ದಿನ ನಮ್ಮ ಮನೆಯ ಪಡಸಾಲೆಯಲ್ಲಿ ರೇಡಿಯೋ ಇಟ್ಟು ನಾಲ್ವರನ್ನೂ ಕೂರಿಸಿದೆವು. "ಈಗ ಸೋಬಾನೆ ಪದಗಳು, ಹಾಡಿದವರು ಗಾದ್ರಮ್ಮ ಮತ್ತು ಸಂಗಡಿಗರು" ಎಂದಿತು ರೇಡಿಯೋ. ಹಾಡು ಮುಗಿಯುವ ತನಕ ಲಕ್ಷ್ಮಕ್ಕ ಉಸಿರು ಬಿಗಿಹಿಡಿದು ಕೂತಿದ್ದಳು. ಮುಗಿದ ಕೂಡಲೆ ಕೇಳಿದಳು, "ಸಂಗಡಿಗರು ಅಂದ್ರೆ ಯಾರು?"

"ನೀನೇ ಕಣೆ" ಎಂದಳು ಅಜ್ಜಿ.

"ನನಗೆ ನಮ್ಮಪ್ಪ ಲಕ್ಷ್ಮಕ್ಕ ಅಂತ ಹೆಸರಿಟ್ಟಿದ್ದ. ಸಂಗಡಿಗರು ಅಂತ ಯಾವಾಗ ಬದ್ಲಾತು?"

ತಿಪ್ಪಮ್ಮ ಬಿದ್ದು ಬಿದ್ದು ನಕ್ಕಳು, ಅದರಿಂದ ಇನ್ನಷ್ಟು ಕೆಟ್ಟಿತು. ಲಕ್ಷ್ಮಕ್ಕ ಮುಖ ಊದಿಸಿಕೊಂಡು ಹೋದವಳು ಕೆಲಸಕ್ಕೂ ಬರಲಿಲ್ಲ, ಗಾದ್ರಮ್ಮನ ಜೊತೆ ಮಾತೂ ಬಿಟ್ಟಳು. ಗೋಡೆಗೆ ಗೋಡೆ ಅಂಟಿದ ಮನೆಯಲ್ಲಿ ಮಾತು ಬಿಡುವುದೆಂದರೆ ಬಲು ಕಷ್ಟದ ಕೆಲಸ, ಆದರೂ ಬಿಟ್ಟಳು. ಕೊನೆಗೆ ಗಾದ್ರಮ್ಮನೇ ಅವಳ ಬಾಗಿಲಿಗೆ ಹೋಗಿ ನಿಂತಳು. "ರೇಡಿಯೋದೋನಿಗೆ ಏನು ಗೊತ್ತೈತೆ ಲಕ್ಷ್ಮಿ? ನೀನು ಹಿಡೀಲಿಲ್ಲ ಅಂದ್ರೆ ನಾನು ಎತ್ತಿದ್ದು ನೆಲಕ್ಕೆ ಬೀಳ್ತೈತೆ" ಎಂದಳು. ಲಕ್ಷ್ಮಕ್ಕ ಒಳಗೆ ಹೋಗಿ ಒಂದು ಲೋಟ ಕಾಫಿ ತಂದು ಕೊಟ್ಟಳು. ರಾಜಿಯಾಯಿತು.

ಎಂಬತ್ತರಲ್ಲಿ ಓಬಳಪ್ಪನಿಗೆ ಕಾಮಾಲೆಯಾಯಿತು. ಮೂಟೆ ಹೊರುತ್ತಿದ್ದ ಆ ಕಟ್ಟುಮಸ್ತಾದ ಮನುಷ್ಯ ಹಳದಿಯಾಗಿ, ಸೊರಗಿ, ದೀಪಾವಳಿಗೆ ಮುಂಚೆ ಹೋಗಿಬಿಟ್ಟ. ಮಗಳು ಸಾವಂತ್ರಿಗೆ ಆಗಿನ್ನೂ ಹನ್ನೆರಡು. ಅವನು ಬದುಕಿದ್ದಾಗ ನಾವೆಲ್ಲ ಅವನ ಜಂಬವನ್ನು ಆಡಿಕೊಂಡು ನಕ್ಕವರೇ. ಹೋದ ಮೇಲೆ, ಹೆಂಡತಿಯ ಹಾಡನ್ನು ಅಷ್ಟು ಬಾಯಿತುಂಬ ಹೇಳಿಕೊಳ್ಳುವ ಇನ್ನೊಬ್ಬ ಗಂಡಸು ನಮ್ಮ ಸೀಮೆಯಲ್ಲೇ ಇಲ್ಲ ಎನ್ನುವುದು ಕಂಡಿತು.

ಗಾದ್ರಮ್ಮನ ಬಳೆ ಒಡೆದರು, ಕುಂಕುಮ ಒರೆಸಿದರು. ಮುತ್ತೈದೆಯಲ್ಲದವಳು ಸೋಬಾನೆ ಹೇಳುವಂತಿಲ್ಲ. ಇದನ್ನು ಯಾರೂ ಅವಳಿಗೆ ಬಾಯಿಬಿಟ್ಟು ಹೇಳಲಿಲ್ಲ. ಅವಳೇ ಮುಂದಾಗಿ, "ಇನ್ನ ನೀವು ಮೂವರೇ ಹೋಗಿ ಬರ್ರಿ" ಎಂದಳು. ನಮ್ಮ ಮನೆಯಲ್ಲಿ ಶರಣರ ಮಾತನ್ನು ದಿನವೂ ಓದುತ್ತಿದ್ದರು, ಹೆಣ್ಣಿಗೆ ಇಂಥ ಮೈಲಿಗೆಯಿಲ್ಲ ಎಂಬುದು ಎಲ್ಲರಿಗೂ ಬಾಯಿಪಾಠ. ಆದರೂ ಅರಿಶಿಣದ ಬಟ್ಟಲು ಹೊರಗೆ ಬಂದ ಕೂಡಲೆ ನಮ್ಮಜ್ಜಿ, ಊರನ್ನೇ ನಡುಗಿಸುವ ಸರ್ವಮಂಗಳಮ್ಮ, ತಾನಾಗಿ ಎದ್ದು ಒಳಗೆ ಹೋಗಿ ಕೂರುತ್ತಿದ್ದಳು. ಇನ್ನು ಗಾದ್ರಮ್ಮನದೇನು ಹೇಳುವುದು.

ಮರುವರ್ಷ ಹೊನ್ನಾಳಿಯ ಒಂದು ಮದುವೆಗೆ ಮೂವರೇ ಹೋದರು. ಚಪ್ಪರದಲ್ಲಿ ಕೂತ ಮೇಲೆ ಗೊತ್ತಾಯಿತು ಅವರಿಗೆ, ಹತ್ತು ವರ್ಷ ಊರೂರು ಸುತ್ತಿ ಹಾಡಿದ್ದರೂ ತಮಗೆ ಒಂದು ಹಾಡಿನ ಮೊದಲೂ ಬರುವುದಿಲ್ಲ ಎಂದು. ಬರುವುದೆಲ್ಲ ಸಾಲಿನ ಕೊನೆಯ ಅರ್ಧ. ಲಕ್ಷ್ಮಕ್ಕ ಧೈರ್ಯ ಮಾಡಿ ಬಾಯಿ ತೆರೆದಳು, ಬಂದದ್ದು "ತಂಗೀಗೆ ತಂದು ಮುಡಿಸಿರೆ" ಎಂದು. ಉಳಿದಿಬ್ಬರು "ತಂಗೀಗೆ ತಂದು ಮುಡಿಸಿರೆ" ಎಂದು ಹಿಡಿದರು. ಮುಂದೇನು? ಲಕ್ಷ್ಮಕ್ಕ ಮತ್ತೆ "ತಂಗೀಗೆ ತಂದು ಮುಡಿಸಿರೆ" ಎಂದಳು. ಅವರೂ ಮತ್ತೆ ಹಿಡಿದರು. ಯಾವ ತೋಟದಿಂದ ಯಾವ ಹೂ ತರಬೇಕು ಎಂಬುದು ನಲ್ಲೂರಿನಲ್ಲಿ ಗಾದ್ರಮ್ಮನ ಹೊಟ್ಟೆಯಲ್ಲಿತ್ತು. ಮೂರು ನಾಲ್ಕು ಸುತ್ತು ಹೀಗೇ ನಡೆದ ಮೇಲೆ ಮದುವೆ ಮನೆಯ ಒಬ್ಬ ಮುದುಕಿ ಕೇಳಿದಳಂತೆ, "ಏನು ತರಬೇಕು ಅಂತ ಹೇಳ್ರವ್ವ, ಅಂಗಡಿಗೆ ಕಳಿಸಿ ತರಿಸ್ತೀವಿ."

ಊರಿಗೆ ಬಂದು ಇದನ್ನು ಹೇಳಿದಾಗ ಗಾದ್ರಮ್ಮ ನಕ್ಕಳು. ಗಂಡ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಕ್ಕು ಮುಗಿಸಿ ಕಲಿಸಲು ಕೂತಳು. ಅದೂ ಆಗಲಿಲ್ಲ. ಅವಳು "ಮೂಡಲ ತೋಟದ ಮೊಲ್ಲೆ ಬಿಡಿಸಿ" ಎಂದು ನಿಲ್ಲಿಸಿ, ಈಗ ನೀವು ಇಷ್ಟೇ ಹೇಳಿ ಎಂದರೆ, ಮೂವರೂ ಒಟ್ಟಿಗೆ "ತಂಗೀಗೆ ತಂದು ಮುಡಿಸಿರೆ" ಎಂದುಬಿಡುತ್ತಿದ್ದರು. ನಾಲಿಗೆ ಆ ಹಾದಿಗೆ ಬಿದ್ದುಹೋಗಿತ್ತು. ಕೊನೆಗೆ ಮದುವೆ ಕರೆ ಬಂದರೆ ಮೂವರೂ ಜ್ವರ, ಕೆಮ್ಮು ಎಂದು ಹೇಳಿ ಕಳಿಸುತ್ತಿದ್ದರು. ಮೇಳ ನಿಂತುಹೋಯಿತು.

ಎಂಬತ್ತೆರಡರ ಮೇ ತಿಂಗಳಲ್ಲಿ ನನ್ನ ಮದುವೆ. ಅಜ್ಜಿಯ ಮುಂದೆ ಜ್ವರ ಕೆಮ್ಮಿನ ಕಥೆಯೆಲ್ಲ ನಡೆಯುತ್ತದೆಯೇ? ಮೂವರನ್ನೂ ಕರೆಸಿ ಚಪ್ಪರದಲ್ಲಿ ಕೂರಿಸಿದಳು. ಗಾದ್ರಮ್ಮನನ್ನು ತನ್ನ ಜೊತೆಗಿರಲಿ ಎಂದು ಉಗ್ರಾಣಕ್ಕೆ ಕರೆದುಕೊಂಡಳು. ಅರಿಶಿಣ ಹಚ್ಚುವ ಹೊತ್ತು. ನಾನು ಹಸೆಯ ಮೇಲೆ ತಲೆ ತಗ್ಗಿಸಿ ಕೂತಿದ್ದೇನೆ, ಎದುರಿಗೆ ಮೂವರು ಬಾಯಿ ಕಟ್ಟಿ ಕೂತಿದ್ದಾರೆ, ಲಕ್ಷ್ಮಕ್ಕನ ಹಣೆಯಲ್ಲಿ ಬೆವರು. ಉಗ್ರಾಣದ ಒಳಗೆ ನಡೆದದ್ದನ್ನು ಅಜ್ಜಿ ನನಗೆ ಆಮೇಲೆ ಹೇಳಿದಳು.

"ನನ್ನ ಮೊಮ್ಮಗಳು ಮೂಕ ಹಸೆ ಮ್ಯಾಲೆ ಕುಂತಾಳೆ. ಎತ್ತು" ಎಂದಳಂತೆ ಅಜ್ಜಿ.

"ಅಮ್ಮಾರೆ, ನಾನು ಎತ್ತಬಾರ್ದು. ನಿಮಗೆ ಗೊತ್ತೈತಲ್ಲ."

"ಹೊರಗೆ ಎತ್ತಬಾರ್ದು. ಇಲ್ಲಿ ನಾನೂ ನೀನೂ ಬಿಟ್ರೆ ಅಕ್ಕಿ ಮೂಟೆ ಅದಾವೆ. ನನಗೆ ಅಂತ ಹಾಡು. ಕಿಟಕಿ ತೆಗೆದಿದ್ರೆ ಅದು ನನ್ನ ತಪ್ಪು."

ಗೋಡೆಯ ಆಚೆಯಿಂದ ಆ ದನಿ ಬಂತು. ಸಾಲು ಪೂರ್ತಿಯಾದ ಕೂಡಲೆ ಚಪ್ಪರದ ಮೂವರು, ನೀರಿಗೆ ಬಿಟ್ಟ ಎಮ್ಮೆಗಳ ಹಾಗೆ ನೆಮ್ಮದಿಯಿಂದ, ಕೊನೆಯ ಅರ್ಧಕ್ಕೆ ಇಳಿದರು. ಒಳಗೆ ಎತ್ತುವುದು, ಹೊರಗೆ ಹಿಡಿಯುವುದು. ಮುತ್ತೈದೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಯಾರೂ ಬೇಡ ಎನ್ನಲಿಲ್ಲ. ನಾನು ಅತ್ತುಬಿಟ್ಟೆ. ತವರು ಬಿಡುವ ದುಃಖ ಎಂದುಕೊಂಡರು ಎಲ್ಲರೂ. ತವರೇನು, ಚನ್ನಗಿರಿಗೆ ಕೊಟ್ಟಿದ್ದರು, ಬಸ್ಸು ಹತ್ತಿದರೆ ಬಂದೇ ಬಿಡುತ್ತಿತ್ತು. ನಾನು ಅತ್ತದ್ದು ಆ ದನಿಗೆ.

ಅಲ್ಲಿಂದ ಮೇಳ ಮತ್ತೆ ಎದ್ದಿತು. ಒಳಗೊಬ್ಬಳು, ಹೊರಗೆ ಮೂವರು. ಇದು ಎಲ್ಲರಿಗೂ ಒಪ್ಪಿಗೆಯಾಯಿತು, ಒಪ್ಪಿಗೆಯೇನು, ಹೆಸರೇ ಆಯಿತು. ಅವಳನ್ನು ಎಲ್ಲಿ ಕೂರಿಸುವುದು ಎಂದು ಮದುವೆ ಮನೆಯವರು ಮುಂಚೆಯೇ ನೋಡಿಕೊಳ್ಳುತ್ತಿದ್ದರು. ಅಡಿಗೆಮನೆ, ಉಗ್ರಾಣ, ಒಂದು ಸಲ ನ್ಯಾಮತಿಯಲ್ಲಿ ದನದ ಕೊಟ್ಟಿಗೆ. ಕೊಟ್ಟಿಗೆಯ ಸುದ್ದಿ ಕೇಳಿ ನನಗೆ ಮೈ ಉರಿದುಹೋಯಿತು. ಆ ಮನೆಯವರೋ, ಅವಳಿಗೆ ಮೊದಲು ಊಟ ಹಾಕಿದೆವು, ಒಳ್ಳೆಯ ಸೀರೆ ಕೊಟ್ಟೆವು ಎಂದು ಎದೆಯುಬ್ಬಿಸಿಕೊಂಡು ಹೇಳುತ್ತಿದ್ದರು. ಅವರಿಗೆ ದನಿ ಬೇಕು, ಮುಖ ಬೇಡ. ನಾನು ಗಾದ್ರಮ್ಮನನ್ನು ಕೇಳಿದೆ, "ನಿನಗೆ ಬೇಜಾರಾಗಲ್ವ?"

"ದನಕ್ಕೂ ಒಂದೀಟು ಹಾಡು ಕೇಳ್ಳಿ ಬಿಡವ್ವ" ಎಂದಳು. ಆಮೇಲೆ, "ಹಾಡದೇ ಇದ್ನಲ್ಲ ಒಂದೂವರೆ ವರ್ಷ. ಅದಕ್ಕಿಂತ ಕೊಟ್ಟಿಗೆ ಮೇಲು" ಎಂದಳು.

ಅವಳಿಗಿದ್ದ ಆಸೆ ಒಂದೇ, ಸಾವಂತ್ರಿಯ ಮದುವೆ. ಮಗಳಿಗೆಂದು ಒಂದು ಸೋಬಾನೆ ಕಟ್ಟಿಟ್ಟಿದ್ದಾಳೆ ಎಂದು ತಿಪ್ಪಮ್ಮ ನನಗೆ ಗುಟ್ಟಾಗಿ ಹೇಳಿದ್ದಳು. ಎಷ್ಟೋ ಮನೆಯ ಹೆಣ್ಣುಮಕ್ಕಳನ್ನು ಹಾಡಿ ಕಳಿಸಿಕೊಟ್ಟಿದ್ದಳು, ತನ್ನ ಹೆಣ್ಣಿನ ಸರದಿಗೆ ಕಾಯುತ್ತಿದ್ದಳು.

ಎಂಬತ್ತಾರರಲ್ಲಿ ಆ ಸರದಿ ಬಂತು. ಗಂಡು ನ್ಯಾಮತಿಯವನು, ಒಳ್ಳೆಯ ಹುಡುಗ, ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ. ಮದುವೆ ನಲ್ಲೂರಿನಲ್ಲಿ. ವಾರದ ಮುಂಚೆ ಗಂಡಿನ ಸೋದರಮಾವ ಉಚ್ಚಂಗೆಪ್ಪ ಬಂದು ಮಾತಿನ ಮಧ್ಯೆ ಮೆತ್ತಗೆ ಹೇಳಿದ, "ಅರಿಶಿಣದ ಹೊತ್ತಿಗೆ ತಾಯಿ ಒಳಗಿರ್ಲಿ. ಹಾಡೂ ಒಳಗಿಂದ್ಲೇ ಬರ್ಲಿ. ನಿಮಗೆ ಹೆಂಗೂ ರೂಢಿ ಐತಲ್ಲ." ಗಾದ್ರಮ್ಮ "ಒಳಗಿರ್ತೀನಿ" ಎಂದಳು. ಹಾಡಿನ ಮಾತಿಗೆ ಏನೂ ಹೇಳಲಿಲ್ಲ. ಅದು ಒಪ್ಪಿಗೆ ಎಂದೇ ಅವನು ತಿಳಿದ. ನಾವೂ ಹಾಗೇ ತಿಳಿದೆವು.

ಅರಿಶಿಣದ ದಿನ ನಾನು ಚನ್ನಗಿರಿಯಿಂದ ಮೊದಲ ಬಸ್ಸಿಗೇ ಬಂದೆ. ಮನೆಯ ಮುಂದೆ ಪುಟ್ಟ ಚಪ್ಪರ, ಹಸೆಯ ಮೇಲೆ ಸಾವಂತ್ರಿ. ಅವಳಿಗೂ ಅಮ್ಮನದೇ ಉದ್ದ ಕತ್ತು, ಅಮ್ಮನದೇ ಹಟದ ಗಲ್ಲ. ಗಂಡಿನ ತಾಯಿ ಅಂತರಘಟ್ಟಮ್ಮ ಅರಿಶಿಣದ ಬಟ್ಟಲು ಹಿಡಿದು ನಿಂತಿದ್ದಳು. ಅವಳ ಕಡೆಯ ಒಬ್ಬಳು, ನಮ್ಮ ಮೂವರು, ಹೀಗೆ ಐದು ಜನ ಮುತ್ತೈದೆಯರು ಸಿದ್ಧ. ಲಕ್ಷ್ಮಕ್ಕ, ತಿಪ್ಪಮ್ಮ, ಕೊಲ್ಲಾಪುರಮ್ಮ ಒಳಬಾಗಿಲಿನ ಕಡೆ ಕಿವಿಯಿಟ್ಟು ಕಾಯುತ್ತಿದ್ದರು.

ಸೊಲ್ಲು ಬರಲಿಲ್ಲ.

ಲಕ್ಷ್ಮಕ್ಕ ಕೆಮ್ಮಿದಳು. ಆಗಲೂ ಬರಲಿಲ್ಲ. ನಾನು ಎದ್ದು ಒಳಗೆ ಹೋದೆ. ಗಾದ್ರಮ್ಮ ಅಡಿಗೆಮನೆಯಲ್ಲಿ ಪಾತ್ರೆಗಳ ನಡುವೆ ಗೋಡೆಗೆ ಒರಗಿ ಕೂತಿದ್ದಳು. ಕಣ್ಣಲ್ಲಿ ನೀರಿರಲಿಲ್ಲ.

"ಗಾದ್ರವ್ವ, ಎಲ್ರೂ ಕಾಯ್ತಾ ಇದಾರೆ. ಎತ್ತು" ಎಂದೆ.

"ಎತ್ತಲ್ಲ ಕಣವ್ವ."

"ಯಾಕೆ?"

"ಮಂದಿ ಮಕ್ಕಳಿಗೆ ಗೋಡೆ ಹಿಂದಿಂದ ಹಾಡಿದೆ, ಹಾಡ್ತೀನಿ. ನನ್ನ ಮಗಳಿಗೆ ಹಾಡಲ್ಲ. ಅವಳನ್ನ ಹೆತ್ತಿದ್ದು ನಾನು, ಗೋಡೆ ಅಲ್ಲ."

"ಹಂಗಾರೆ ಹೊರಗೆ ಬಾ. ಬಂದು ಹಾಡು. ಯಾರು ಏನಂತಾರೋ ನಾನು ನೋಡ್ಕೊತೀನಿ."

ಆಗ ಅವಳ ಮುಖ ಕುಗ್ಗಿತು. "ಹೊರಗೆ ಬಂದು ನನ್ನ ಕೂಸಿಗೆ ನಾಳೆ ಏನಾರ ಆದ್ರೆ? ಓಬಳಪ್ಪಗೆ ಆದಂಗೆ ಅವಳ ಗಂಡಗೆ ಆದ್ರೆ? ಬ್ಯಾಡವ್ವ. ನಾನು ಸುಮ್ನಿರ್ತೀನಿ."

ಅದುವರೆಗೆ ನಾನು ಜನರ ಮೇಲೆ ಸಿಟ್ಟಾಗಿದ್ದೆ. ಆ ಗಳಿಗೆಯಲ್ಲಿ ತಿಳಿಯಿತು, ಆ ಹೆದರಿಕೆ ಅವಳ ಒಳಗೂ ಇದೆ ಎಂದು. ಜನರ ಬಾಯಿಯನ್ನಾದರೆ ನಾನು ಮುಚ್ಚಿಸುತ್ತಿದ್ದೆ.

ಅಷ್ಟರಲ್ಲಿ ಲಕ್ಷ್ಮಕ್ಕ ಒಳಗೆ ಬಂದಳು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು ಎಂದು ಕಾಣುತ್ತದೆ. ಬಂದವಳು ಗಾದ್ರಮ್ಮನ ಪಕ್ಕ ಕೂತಳು. ಅವಳ ಹಿಂದೆ ತಿಪ್ಪಮ್ಮ, ಅವಳ ಹಿಂದೆ ಕೊಲ್ಲಾಪುರಮ್ಮ. ಅಡಿಕೆ ಸುಲಿಯಲು ಕೂತಂತೆ ನಾಲ್ವರೂ ಸಾಲಾಗಿ ಗೋಡೆಗೆ ಒರಗಿದರು. "ನೀನು ಸುಮ್ನಿದ್ರೆ ನಾವೂ ಸುಮ್ನಿರ್ತೀವಿ" ಎಂದಳು ಲಕ್ಷ್ಮಕ್ಕ. ತಿಪ್ಪಮ್ಮ ನಗಲಿಲ್ಲ.

ಬಟ್ಟಲು ಹಿಡಿದೇ ಅಂತರಘಟ್ಟಮ್ಮ ಹೊಸ್ತಿಲಿಗೆ ಬಂದಳು. ಮುಖ ಬಿಗಿದುಕೊಂಡಿತ್ತು. "ಇದೇನ್ರವ್ವ, ಮುತ್ತೈದೇರು ಒಳಗೆ ಬಂದು ಕುಂತ್ರೆ ಅರಿಶಿಣ ಹಚ್ಚೋರು ಯಾರು? ನಾವು ಅಂಥಾದ್ದು ಏನು ಅಂದ್ವಿ?"

"ನೀವೇನೂ ಅನ್ಲಿಲ್ಲ. ಎತ್ತೋಳು ಇಲ್ಲದೆ ಹಿಡಿಯೋಕೆ ನಮಗೆ ಬರಲ್ಲ" ಎಂದಳು ಲಕ್ಷ್ಮಕ್ಕ.

ಅಷ್ಟು ಸಣ್ಣ ಮನೆಯಲ್ಲಿ ಒಳಗಿನ ಮಾತೆಲ್ಲ ಹಸೆಯ ತನಕ ಕೇಳಿಸಿತ್ತು. ಆಗ ಹೊರಗಿನಿಂದ ಸಾವಂತ್ರಿಯ ದನಿ ಬಂತು. ಹಸೆಯಿಂದ ಏಳಬಾರದೆಂದು ಎದ್ದಿರಲಿಲ್ಲ, ಕೂತಲ್ಲಿಂದಲೇ ಗಟ್ಟಿಯಾಗಿ ಹೇಳಿದಳು.

"ಅವ್ವ, ನೀನು ಮುಂದೆ ಕುಂತು ಹಾಡಿದ್ರೆ ನನಗೆ ಕೆಟ್ಟದಾಗ್ತೈತೆ ಅಂತೀಯ. ಅಪ್ಪ ಹೋದಾಗ್ಲಿಂದ ಯಾರ ಮುಂದೆ ಕುಂತು ಬೆಳ್ದೆ ನಾನು? ಊಟಕ್ಕೆ ಇಕ್ಕಿದ್ದು ನೀನೆ, ತಲೆ ಬಾಚಿದ್ದು ನೀನೆ. ಆಗೆಲ್ಲ ಆಗ್ದಿದ್ದು ಇವತ್ತು ಹಾಡಿದ್ರೆ ಆಗ್ತೈತಾ? ನೀನು ಹಾಡ್ದೆ ನನ್ನ ಕಳಿಸಿಕೊಟ್ಟೆ ಅಂದ್ರೆ, ಅದಕ್ಕಿಂತ ಕೆಟ್ಟದ್ದು ನನಗೆ ಇನ್ನೇನೂ ಬ್ಯಾಡ."

ಗಾದ್ರಮ್ಮ ಅಂತರಘಟ್ಟಮ್ಮನ ಮುಖ ನೋಡಿದಳು. ಅಂತರಘಟ್ಟಮ್ಮ ಕೈಯಲ್ಲಿದ್ದ ಬಟ್ಟಲು ನೋಡಿದಳು, ಚಪ್ಪರದ ಕಡೆ ನೋಡಿದಳು. ಅವಳೂ ಹೆಣ್ಣುಮಕ್ಕಳನ್ನು ಕಳಿಸಿಕೊಟ್ಟವಳೇ. "ಬಾಳೋ ಹುಡುಗಿಗೇ ಭಯ ಇಲ್ಲ ಅಂದಮ್ಯಾಲೆ ನನಗ್ಯಾಕೆ" ಎಂದಳು. "ಏಳವ್ವ ಬೀಗ್ತಿ. ಅರಿಶಿಣ ಒಣಗ್ತೈತೆ."

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ದಿನದಿಂದ ಗಾದ್ರಮ್ಮ ಯಾರ ಮನೆಯಲ್ಲೂ ಗೋಡೆಯ ಹಿಂದೆ ಕೂತು ಹಾಡಲಿಲ್ಲ. ಚಪ್ಪರಕ್ಕೆ ಕರೆದರೆ ಮಾತ್ರ ಹೋಗುತ್ತಿದ್ದಳು, ಇಲ್ಲದಿದ್ದರೆ ಇಲ್ಲ. ಕರೆಯುವವರು ಕಡಿಮೆಯಾದರು. ಕೆಲವರು ಮೈಕ್‌ಸೆಟ್ಟಿನವನನ್ನು ಕರೆಸಿ ಕ್ಯಾಸೆಟ್ ಹಾಕಿಸಿಕೊಂಡರು, ಅದಕ್ಕೆ ಕೂರಿಸಲು ಜಾಗ ಹುಡುಕಬೇಕಾಗಿಲ್ಲವಲ್ಲ. ನಮ್ಮ ಮನೆಯವರು ಕರೆದರು, ಇನ್ನೂ ಕೆಲವರು ಕರೆದರು. ಸಾವಂತ್ರಿ ನ್ಯಾಮತಿಯಲ್ಲಿ ಚೆನ್ನಾಗಿಯೇ ಬಾಳಿದಳು, ಅವಳ ಗಂಡನಿಗೆ ನೆಗಡಿಯಾದರೂ ಗಾದ್ರಮ್ಮ ಹೆದರಿ ಮೊದಲ ಬಸ್ಸಿಗೆ ಓಡುತ್ತಿದ್ದಳು ಎಂಬುದೂ ನಿಜ. ಹೆದರಿಕೆ ಪೂರ್ತಿ ಹೋಗಲಿಲ್ಲ. ಆದರೂ ಹಾಡಿದಳು, ಅದಕ್ಕೇ ನನಗೆ ಅವಳನ್ನು ಕಂಡರೆ ಅಷ್ಟು ಪ್ರೀತಿ.

ಆ ಬೆಳಿಗ್ಗೆ ಅವಳು ಸೆರಗು ಹೊದ್ದು ಚಪ್ಪರಕ್ಕೆ ಬಂದಳು. ಹಸೆಗೆ ತುಸು ದೂರವೇ ಕೂತಳು. ಮೂವರು ಅವಳನ್ನು ಒತ್ತಿಕೊಂಡು ಕೂತರು. ಮಗಳಿಗೆಂದು ಕಟ್ಟಿಟ್ಟಿದ್ದ ಹಾಡು ಅದು, ನಾವು ಯಾರೂ ಕೇಳಿರಲಿಲ್ಲ. ಮೊದಲ ಸಾಲಿಗೆ ದನಿ ಒಡೆಯಿತು, ಅಂಥ ದನಿ ಒಡೆದದ್ದನ್ನು ನಾನು ಎಂದೂ ಕೇಳಿದವಳಲ್ಲ. ಮೂವರು ಸಾವರಿಸಿ ಹಿಡಿದರು. ಎರಡನೆಯ ಸಾಲಿಗೆ ದನಿ ಗಟ್ಟಿಯಾಯಿತು. ಆಮೇಲೆ ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು, ಅಡಿಗೆಯವರು ಸೌಟು ಹಿಡಿದು ಹೊರಗೆ ಬಂದರು, ಉಚ್ಚಂಗೆಪ್ಪ ಟವಲಿನಿಂದ ಮೂಗು ಒರೆಸಿಕೊಂಡ. ಅಂತರಘಟ್ಟಮ್ಮ ಅರಿಶಿಣ ಹಚ್ಚುವುದನ್ನು ಮರೆತು ಬಟ್ಟಲು ಹಿಡಿದು ನಿಂತೇ ಇದ್ದಳು.

ಅರಿಶಿಣದ ಹೊತ್ತಿನಲ್ಲಿ ಮದುಮಗಳು ತಲೆ ತಗ್ಗಿಸಿಯೇ ಇರಬೇಕು. ಯಾರೋ ಒಬ್ಬರು ಬಗ್ಗಿ, "ತಲೆ ಬಗ್ಗಿಸವ್ವ" ಎಂದು ಸಾವಂತ್ರಿಯ ಕಿವಿಯಲ್ಲಿ ಹೇಳಿದರು. ಅವಳು ಬಗ್ಗಿಸಲಿಲ್ಲ. ಹಾಡು ಮುಗಿಯುವ ತನಕ ಅವ್ವನ ಮುಖ ನೋಡುತ್ತ ಕೂತಳು.